ಮಾಗಿದ ಗಾಯದಲ್ಲಿ ದಾರದ ತುದಿ ಕಂಡರೆ

ಸರ್ಜರಿ ವಾರ್ಡಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಹೊರರೋಗಿಗಳ ಡ್ರೆಸ್ಸಿಂಗ್ ರೂಮಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ದಾವಣಗೆರೆಯ ನಮ್ಮ ಬೀದಿಯಲ್ಲಿ ಇವತ್ತಿಗೂ ನನ್ನ ಹೆಸರು ‘ಸಿಸ್ಟರ್’ ಅಂತಲೇ. ಸಿಸೇರಿಯನ್ ಆಗಿ ಒಂದೂವರೆ ತಿಂಗಳಾದ ಬಾಣಂತಿಯರು, ಹರ್ನಿಯಾ ಆದ ಗಂಡಸರು, ಥೈರಾಯ್ಡ್ ಗಂಟು ತೆಗೆಸಿಕೊಂಡವರು ಬಂದು ತೋರಿಸುವುದು ಬಹುತೇಕ ಒಂದೇ. ಮಾಗಿ ಗೆರೆಯಾಗಿದ್ದ ಗಾಯದ ಮೇಲೆ ಮೊಡವೆಯಂಥ ಕೆಂಪು ಗುಳ್ಳೆ, ತುದಿಯಲ್ಲಿ ಚೂರು ಕೀವು, ಒರೆಸಿದರೆ ನಡುವೆ ಬಿಳಿಯದೋ ನೇರಳೆಯದೋ ಒಂದು ನೂಲಿನ ತುದಿ. ಕೇಳುವ ಪ್ರಶ್ನೆಯೂ ಒಂದೇ: “ಒಳಗಿನ ಹೊಲಿಗೆ ಬಿಚ್ಚಿಹೋಯ್ತಾ ಸಿಸ್ಟರ್? ಕರಗೋ ಹೊಲಿಗೆ ಅಂದಿದ್ರಲ್ಲ?”

ಹೆಚ್ಚಿನ ಸಲ ಬಿಚ್ಚಿಹೋಗಿರುವುದಿಲ್ಲ. ಕರಗಬೇಕಾದ ದಾರದ ಒಂದು ಗಂಟನ್ನು ಮೈ ಕರಗಿಸುವ ಬದಲು ಹೊರಗೆ ತಳ್ಳುತ್ತಿರುತ್ತದೆ, ಅಷ್ಟೆ. ಆದರೆ “ಹೆಚ್ಚಿನ ಸಲ” ಎಂಬ ಮಾತನ್ನು ನಂಬಿ ಸುಮ್ಮನೆ ಕೂರುವಂತಿಲ್ಲ. ಗುಳ್ಳೆಯನ್ನು ಎಷ್ಟು ದಿಟ್ಟಿಸಿದರೂ ಇದು ಯಾವ ಬಗೆಯದು ಎಂದು ತಿಳಿಯುವುದಿಲ್ಲ. ಅದನ್ನು ಹೇಳುವವು ಮೂರು: ಆಪರೇಷನ್ ಆಗಿ ಎಷ್ಟು ವಾರವಾಯಿತು, ಅದು ಯಾವ ದಾರ, ಚರ್ಮದ ಕೆಳಗೆ ಎಷ್ಟು ಆಳದ್ದು. ಹಾಗಾಗಿ ಹತ್ತಿ, ಡೆಟಾಲ್ ಹುಡುಕುವ ಮೊದಲು ಆಸ್ಪತ್ರೆಯ ಫೈಲ್ ಹುಡುಕಿ.

ಮೊದಲು ಕಾಗದ

ಡಿಸ್ಚಾರ್ಜ್ ಕಾರ್ಡಿನಲ್ಲಿ ಆಪರೇಷನ್ ತಾರೀಖು ಇದ್ದೇ ಇರುತ್ತದೆ. ಯಾವ ಪದರವನ್ನು ಯಾವ ದಾರದಲ್ಲಿ ಹೊಲಿದರು ಎಂಬುದು ಕೆಲವೊಮ್ಮೆ ಅದರಲ್ಲೇ ಇರುತ್ತದೆ, ಇಲ್ಲವಾದರೆ ಆಸ್ಪತ್ರೆಯಲ್ಲಿ ಉಳಿಯುವ ಓಟಿ ನೋಟ್ಸ್‌ನಲ್ಲಿ, ಅಂದರೆ ಆಪರೇಷನ್ ಹೇಗೆ ಮಾಡಿದರೆಂದು ಬರೆದಿಡುವ ಟಿಪ್ಪಣಿಯಲ್ಲಿ ಇರುತ್ತದೆ. ಅದರ ಪ್ರತಿ ಕೇಳುವುದಕ್ಕೆ ಸಂಕೋಚ ಬೇಡ. ವೈದ್ಯರ ನಡವಳಿಕೆಗೆ ಸಂಬಂಧಿಸಿದ 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮಗಳ ಪ್ರಕಾರ ರೋಗಿ ಅಥವಾ ಅವರ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟುಕೊಂಡಿರಬೇಕು ಎಂದೂ ಅದರಲ್ಲಿದೆ. ಜಗಳದ ದನಿ ಬೇಕಿಲ್ಲ. “ಓಟಿ ನೋಟ್ಸ್ ಪ್ರತಿ ಬೇಕಿತ್ತು” ಎಂದು ಒಂದು ಚೀಟಿ ಬರೆದುಕೊಟ್ಟರೆ ಸಾಕು.

ಕಾಗದದಲ್ಲಿ ಕಾಣುವ ಹೆಸರುಗಳು ಹೆಚ್ಚೇನಿಲ್ಲ. ಕ್ಯಾಟ್‌ಗಟ್ ಎಂದಿದ್ದರೆ ಅದು ಕುರಿಯ ಅಥವಾ ದನದ ಕರುಳಿನ ಪದರದಿಂದ ಮಾಡಿದ್ದು. ಸಾದಾ ಆದರೆ ಹಳದಿ ಛಾಯೆ, ಕ್ರೋಮಿಕ್ ಆದರೆ ಕಂದು. ಪ್ರಾಣಿಯ ಪ್ರೋಟೀನ್ ಆದ್ದರಿಂದ ಮೈ ಇದರ ಮೇಲೆ ಹೆಚ್ಚು ಕೆರಳುತ್ತದೆ. ಯುರೋಪಿನಲ್ಲಿ ಇದರ ಬಳಕೆ ನಿಂತು ವರ್ಷಗಳಾದವು, ನಮ್ಮಲ್ಲಿ ಇನ್ನೂ ಇದೆ. ಪಾಲಿಗ್ಲಾಕ್ಟಿನ್ ಅಥವಾ ವಿಕ್ರಿಲ್ ಎಂದಿದ್ದರೆ ಅದು ಎಳೆಗಳನ್ನು ಹೆಣೆದು ಮಾಡಿದ ಕೃತಕ ದಾರ, ನೇರಳೆ ಬಣ್ಣದ್ದು ಅಥವಾ ಬಣ್ಣವಿಲ್ಲದ್ದು. ಮೋನೋಕ್ರಿಲ್, ಪಿಡಿಎಸ್ ಎರಡೂ ಒಂಟಿ ಎಳೆಯವು, ನುಣುಪು. ಪ್ರೋಲೀನ್, ಎಥಿಲಾನ್, ನೈಲಾನ್, ಸಿಲ್ಕ್ ಎಂದಿದ್ದರೆ ಅವು ಕರಗುವ ಜಾತಿಯೇ ಅಲ್ಲ. ಕಾಗದ ಸಿಗದಿದ್ದಾಗ ಬಣ್ಣವೇ ಸುಳಿವು. ಗಾಯದಲ್ಲಿ ಕಂಡದ್ದು ಕಪ್ಪು ಅಥವಾ ನೀಲಿ ದಾರವಾಗಿದ್ದರೆ ಬಹುಮಟ್ಟಿಗೆ ಕರಗದ ದಾರ. ಮೇಲಿನ ಹೊಲಿಗೆ ಬಿಚ್ಚುವಾಗ ಒಂದು ಕಣ್ತಪ್ಪಿ ಉಳಿಯುವುದುಂಟು. ಅದನ್ನು ಎಷ್ಟು ದಿನ ಕಾದರೂ ಪ್ರಯೋಜನವಿಲ್ಲ, ತೆಗೆಸಲೇಬೇಕು.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ. ಕರಗುವ ದಾರಕ್ಕೆ ಎರಡು ಅವಧಿಗಳಿವೆ. ಹಿಡಿತ ಇರುವ ಅವಧಿ ಒಂದು, ಪೂರ್ತಿ ಮಾಯವಾಗುವ ಅವಧಿ ಇನ್ನೊಂದು. ವಿಕ್ರಿಲ್ಲನ್ನೇ ನೋಡಿ. ಎರಡು ವಾರಕ್ಕೆ ಅದರ ಶಕ್ತಿಯ ಮುಕ್ಕಾಲು ಭಾಗ ಉಳಿದಿರುತ್ತದೆ, ಮೂರನೇ ವಾರಕ್ಕೆ ಅರ್ಧ, ನಾಲ್ಕಕ್ಕೆ ಕಾಲು. ಆದರೆ ದಾರ ಪೂರ್ತಿ ಕರಗಲು 56ರಿಂದ 70 ದಿನ ಬೇಕು. ಮೋನೋಕ್ರಿಲ್ ಎರಡು-ಮೂರು ವಾರದಲ್ಲೇ ಹಿಡಿತ ಬಿಟ್ಟರೂ 91ರಿಂದ 119 ದಿನ ಒಳಗಿರುತ್ತದೆ. ಪಿಡಿಎಸ್ 182ರಿಂದ 238 ದಿನ, ಅಂದರೆ ಆರರಿಂದ ಎಂಟು ತಿಂಗಳು. ಕೆಲಸ ಮುಗಿದರೂ ಜಾಗ ಬಿಡದ ಈ ನಡುವಿನ ವಾರಗಳಲ್ಲೇ ಗಂಟುಗಳು ಮೇಲೆ ಬರುವುದು. ಆರನೇ ವಾರದಲ್ಲಿ ತಲೆ ಹಾಕಿದ ವಿಕ್ರಿಲ್ ಗಂಟು ನಿಮ್ಮ ಹೊಟ್ಟೆಯನ್ನು ಹಿಡಿದುಕೊಂಡಿಲ್ಲ. ಹಿಡಿಯುವ ಕೆಲಸವನ್ನು ಅಷ್ಟರಲ್ಲಿ ನಿಮ್ಮ ಮಾಂಸವೇ ವಹಿಸಿಕೊಂಡಿರುತ್ತದೆ. “ದಾರ ಬಂತು, ಕರುಳು ಹೊರಗೆ ಬರುತ್ತೆ” ಎಂದು ರಾತ್ರಿ ನಿದ್ದೆಗೆಟ್ಟವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಮೈ ಯಾಕೆ ತಳ್ಳುತ್ತದೆ

ಕಾಲಿಗೆ ಚುಚ್ಚಿದ ಮುಳ್ಳು ಮುರಿದು ಒಳಗುಳಿದರೆ ಸುತ್ತ ಕೀವು ಕಟ್ಟಿ ಅದು ತಾನಾಗಿ ಮೇಲೆ ಬರುತ್ತದಲ್ಲ, ಇದೂ ಅದೇ ಕೆಲಸ. ಹೊರಗಿನ ವಸ್ತು ಸಿಕ್ಕ ಕೂಡಲೇ ಬಿಳಿ ರಕ್ತಕಣಗಳು ಮುತ್ತುತ್ತವೆ. ಕೃತಕ ದಾರ ದೇಹದ ನೀರಿನಂಶದಿಂದ ನಿಧಾನಕ್ಕೆ ಒಡೆಯುತ್ತದೆ, ಕ್ಯಾಟ್‌ಗಟ್ಟನ್ನು ಕಿಣ್ವಗಳು ಜೀರ್ಣಿಸುತ್ತವೆ. ತೆಳುವಾದ ಎಳೆ ಹೀಗೆ ಸದ್ದಿಲ್ಲದೆ ಮುಗಿದುಹೋಗುತ್ತದೆ. ತೊಂದರೆ ಕೊಡುವುದು ಗಂಟು. ಒಂದರ ಮೇಲೊಂದು ಹಾಕಿದ ಮೂರ್ನಾಲ್ಕು ಸುತ್ತು, ಮೇಲೆ ಕತ್ತರಿಸಿ ಬಿಟ್ಟ ಬಾಲ. ಅದು ಚರ್ಮಕ್ಕೆ ಹತ್ತಿರವಿದ್ದರೆ ಮೈಗೆ ಕರಗಿಸುವುದಕ್ಕಿಂತ ಹೊರದಬ್ಬುವ ದಾರಿಯೇ ಹತ್ತಿರ.

ಹರ್ನಿಯಾ ಆಪರೇಷನ್ ಆಗಿದ್ದ ಒಬ್ಬ ಟೈಲರ್ ಇದನ್ನು ನನಗಿಂತ ಚೆನ್ನಾಗಿ ಹೇಳಿದ್ದರು. ಡಾಕ್ಟರು ಅವರ ಗಾಯದಿಂದ ತೆಗೆದ ಚೂರನ್ನು ಗಾಜ್ ಬಟ್ಟೆಯ ಮೇಲಿಟ್ಟಿದ್ದೆ. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, “ಇದು ಹೆಣೆದ ದಾರ ಸಿಸ್ಟರ್, ಒಂಟಿ ಎಳೆ ಅಲ್ಲ. ಅದಕ್ಕೇ ಕೊಳೆ ಹಿಡಿದೈತಿ. ಗಂಟೂ ಮ್ಯಾಲಕ್ಕೆ ಬಿಟ್ಟಾರ, ನಾವಾದ್ರ ಒಳಮಗ್ಗಲಿಗೆ ತಿರುವ್ತೀವಿ” ಅಂದರು. ಸರ್ಜನ್ನರೂ ಗಂಟನ್ನು ಒಳಮುಖಕ್ಕೇ ಹೂಳುತ್ತಾರೆ, ಆದರೆ ಹತ್ತಾರು ಗಂಟುಗಳಲ್ಲಿ ಒಂದೆರಡು ತಿರುಗಿಕೊಳ್ಳುತ್ತವೆ. ಹೆಣೆದ ದಾರದ ಬಗ್ಗೆ ಅವರು ಹೇಳಿದ್ದು ಪಕ್ಕಾ ನಿಜ. ಎಳೆಗಳ ಸಂದಿಯಲ್ಲಿ ಬ್ಯಾಕ್ಟೀರಿಯಾ ಅಡಗುತ್ತದೆ, ತುದಿ ಹೊರಗೆ ಬಂದ ಮೇಲೆ ಹೊರಗಿನ ತೇವವನ್ನೂ ಅದು ಒಳಕ್ಕೆ ಎಳೆಯುತ್ತದೆ. ದಾರ ದಪ್ಪವಿದ್ದಷ್ಟೂ, ಚರ್ಮದ ಕೆಳಗೆ ಕೊಬ್ಬಿನ ಪದರ ತೆಳುವಿದ್ದಷ್ಟೂ ಇದು ಹೆಚ್ಚು.

ಇದನ್ನು ಅಲರ್ಜಿ ಎಂದು ಕರೆಯುವವರಿದ್ದಾರೆ. ದಾರಕ್ಕೇ ನಿಜವಾದ ಅಲರ್ಜಿ ಬಲು ಅಪರೂಪ. ಗಾಯದ ಸುತ್ತ ಚೌಕಾಕಾರದಲ್ಲಿ ಚರ್ಮ ಕೆಂಪಾಗಿ, ನೀರುಗುಳ್ಳೆ ಎದ್ದು, ವಿಪರೀತ ನವೆ ಇದ್ದರೆ ಅದು ಸಾಮಾನ್ಯವಾಗಿ ಪ್ಲಾಸ್ಟರ್ ಅಂಟಿಗೆ ಬಂದ ಅಲರ್ಜಿ. ಹಚ್ಚಿದ ಮುಲಾಮಿಗೂ ಬೀಟಡೀನ್‌ಗೂ ಹೀಗೆ ಆಗಬಹುದು. ನವೆ ಮುಖ್ಯವೋ ನೋವು ಮುಖ್ಯವೋ, ಪಟ್ಟಿ ಹಾಕಿದ ಆಕಾರದಲ್ಲೇ ಕೆಂಪಾಗಿದೆಯೋ ಎಂದು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ವಾರಗಳ ಲೆಕ್ಕ

ಮೊದಲ ಎರಡು ವಾರದಲ್ಲಿ ಏನೇ ಸೋರಿದರೂ, ಏನೇ ಬಿಟ್ಟುಕೊಂಡರೂ ಮನೆಮದ್ದಿನ ಮಾತೇ ಇಲ್ಲ. ಆಗ ದಾರಗಳು ನಿಜವಾಗಿಯೂ ಗಾಯವನ್ನು ಹಿಡಿದಿರುತ್ತವೆ. ಆಪರೇಷನ್ ಮಾಡಿದವರ ಹತ್ತಿರ ಅದೇ ದಿನ ಹೋಗಬೇಕು. ಅದರಲ್ಲೂ ಹೊಟ್ಟೆಯ ಆಪರೇಷನ್ ಆಗಿ ಐದರಿಂದ ಹತ್ತನೇ ದಿನದ ನಡುವೆ, ಗಾಯ ಮೇಲೆ ಚೆನ್ನಾಗಿ ಕಾಣುತ್ತಿರುವಾಗಲೇ ತಿಳಿ ಗುಲಾಬಿ ಬಣ್ಣದ ನೀರು ಬಳಬಳ ಇಳಿದು ಬಟ್ಟೆ ನೆಂದರೆ, ಒಳಗಿನ ಗಟ್ಟಿ ಪದರ ಬಿಟ್ಟಿದೆ ಎಂದೇ ತಿಳಿಯಬೇಕು. ಕೆಮ್ಮಿದಾಗ ಏನೋ ಕಿತ್ತುಹೋದಂತಾಯಿತು ಎನ್ನುವವರೂ ಇದ್ದಾರೆ. ಮಲಗಿಸಿ, ಮಂಡಿ ಮಡಿಸಿಸಿ, ಏನನ್ನೂ ತಿನ್ನಿಸದೆ, ಕುಡಿಸದೆ 108 ಕರೆಸಿ. ಕರುಳು ಕಂಡರೆ ಒಳಗೆ ತಳ್ಳಬೇಡಿ, ಕುದಿಸಿ ಆರಿಸಿದ ನೀರಿನಲ್ಲಿ ನೆನೆಸಿದ ಶುದ್ಧ ಬಟ್ಟೆ ಮುಚ್ಚಿ ಕರೆದೊಯ್ಯಿರಿ.

ಎರಡು ವಾರ ಕಳೆದು ಮೂರು ತಿಂಗಳವರೆಗಿನದು ದಾರ ಉಗುಳುವ ಹಂಗಾಮು. ಗುಳ್ಳೆ ಸಣ್ಣದು, ಒಂದೇ ಕಡೆ, ಜ್ವರವಿಲ್ಲ, ಒತ್ತಿದರೆ ಅಲ್ಲಷ್ಟೇ ನೋವು ಎಂದಾದರೆ ಮುಂದೆ ಹೇಳುವ ಆರೈಕೆ ಸಾಕು. ಒಂದು ಗಂಟು ಬಂದ ಮೇಲೆ ಕೆಲವು ವಾರ ಬಿಟ್ಟು ಗೆರೆಯ ಇನ್ನೊಂದು ಕಡೆ ಮತ್ತೊಂದು ಬರಬಹುದು, ಒಂದೇ ದಾರದ ಒಂದೇ ಬಗೆಯ ಗಂಟುಗಳು ತಾನೇ. ಅದಕ್ಕೆ ಗಾಬರಿ ಬೇಡ.

ಮೂರು ತಿಂಗಳು ದಾಟಿದ ಮೇಲೆ ಮೊದಲ ಬಾರಿ ಗುಳ್ಳೆ ಎದ್ದರೆ ಕಾಗದಕ್ಕೆ ಮರಳಿ. ಪಿಡಿಎಸ್ ಬಳಸಿದ್ದರೆ ಇನ್ನೂ ಅದೇ ಇರಬಹುದು. ಪ್ರೋಲೀನ್ ಬಳಸಿದ್ದರೆ ವರ್ಷಗಳ ಮೇಲೂ ಗಂಟಿನ ಸುತ್ತ ಸೋರುವ ತೂತು ಬೀಳಬಹುದು. ಹರ್ನಿಯಾಕ್ಕೆ ಜಾಲರಿ ಇಟ್ಟಿದ್ದರೆ ಅದರ ಮೇಲಿನ ಯಾವ ಸೋರಿಕೆಯನ್ನೂ ಮನೆಯಲ್ಲಿ ನೋಡಿಕೊಳ್ಳಬೇಡಿ. ಸೋಂಕು ಜಾಲರಿಗೆ ತಗುಲಿದರೆ ಅದರ ದಾರಿಯೇ ಬೇರೆ.

ಹೆರಿಗೆಯ ಕೆಳಗಿನ ಹೊಲಿಗೆಯವರಿಗೆ ಒಂದು ಮಾತು: ಹತ್ತು ದಿನ, ಎರಡು ವಾರದ ಸುಮಾರಿಗೆ ಪ್ಯಾಡ್ ಮೇಲೆ ದಾರದ ತುಣುಕು ಬೀಳುವುದು ಸಹಜ. ಅಲ್ಲಿಗೆ ಬೇಗ ಕರಗುವ ದಾರವನ್ನೇ ಬಳಸುತ್ತಾರೆ. ನೋವು ಹೆಚ್ಚದಿದ್ದರೆ, ವಾಸನೆ ಇಲ್ಲದಿದ್ದರೆ ಮರೆತುಬಿಡಿ.

ಮನೆಯಲ್ಲಿ ಮಾಡುವುದು

ಕೈ ಸೋಪಿನಿಂದ ತೊಳೆದುಕೊಳ್ಳಿ. ಗಾಯವನ್ನೂ ಸ್ನಾನದ ಸಾದಾ ಸೋಪು, ಹರಿಯುವ ನೀರಿನಿಂದಲೇ ತೊಳೆಯಬಹುದು. ಉಜ್ಜದೆ ನೊರೆ ಹರಿಸಿ, ಒತ್ತಿ ಒರೆಸಿ.

ನಂತರ ಬಿಸಿ ಶಾಖ. ನೀರು ಕುದಿಸಿ, ಮಣಿಕಟ್ಟಿನ ಒಳಬದಿಗೆ ಹಿತವಾಗುವಷ್ಟು ಆರಿಸಿ, ಒಗೆದ ಹತ್ತಿಬಟ್ಟೆ ಅದ್ದಿ ಹಿಂಡಿ ಗುಳ್ಳೆಯ ಮೇಲೆ ಹತ್ತು ನಿಮಿಷ ಇಡಿ. ಆರಿದಂತೆ ಮತ್ತೆ ಅದ್ದಿ. ದಿನಕ್ಕೆ ಮೂರು ನಾಲ್ಕು ಸಲ ಮಾಡಿದರೆ ಕೀವು ತಾನಾಗಿ ದಾರಿ ಮಾಡಿಕೊಳ್ಳುತ್ತದೆ, ಕೆಲವೊಮ್ಮೆ ಗಂಟೂ ಬಟ್ಟೆಗೆ ಅಂಟಿಕೊಂಡು ಬರುತ್ತದೆ. ಇಲ್ಲಿ ಎಚ್ಚರ ಬೇಕಾದದ್ದು ಒಂದಿದೆ. ಸಿಸೇರಿಯನ್ ಗೆರೆಯ ಸುತ್ತ ಚರ್ಮ ತಿಂಗಳುಗಟ್ಟಲೆ ಮರಗಟ್ಟಿರುತ್ತದೆ, ಬಿಸಿ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯವರ ಕೈಗೂ ಗೊತ್ತಾಗದೆ ಹೋಗಬಹುದು. ಬಿಸಿಯನ್ನು ಮನೆಯಲ್ಲಿ ಬೇರೆಯವರ ಕೈಯಲ್ಲಿ ಪರೀಕ್ಷಿಸಿಸಿ. ರಬ್ಬರ್ ಚೀಲ, ಕಾಯಿಸಿದ ಉಪ್ಪಿನ ಗಂಟು, ಕೆಂಡದ ಶಾಖ ಬೇಡವೇ ಬೇಡ. ಗುಳ್ಳೆಯ ಜೊತೆ ಸುಟ್ಟ ಬೊಕ್ಕೆಯನ್ನೂ ಹೊತ್ತು ಬಂದ ಬಾಣಂತಿಯರನ್ನು ನೋಡಿದ್ದೇನೆ.

ಶಾಖ ಕೊಟ್ಟ ಮೇಲೆ ಚೆನ್ನಾಗಿ ಒಣಗಿಸಿ. ಸೋರುತ್ತಿದ್ದರೆ ಒಂದು ಗಾಜ್ ಪದರ ಇಟ್ಟು ಕಾಗದದ ಪ್ಲಾಸ್ಟರ್ ಹಚ್ಚಿ, ಒದ್ದೆಯಾದಾಗ ಬದಲಿಸಿ. ಸೋರದಿದ್ದರೆ ಮುಚ್ಚುವ ಅಗತ್ಯವೇ ಇಲ್ಲ. ಹೊಟ್ಟೆಯ ಮಡಿಕೆ ಗೆರೆಯ ಮೇಲೆ ಬೀಳುವವರು ನಡುವೆ ಮೆತ್ತನೆಯ ಹಳೆ ಹತ್ತಿಬಟ್ಟೆಯ ತುಂಡು ಇಟ್ಟುಕೊಳ್ಳಬೇಕು. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಆ ಬೆವರು ಅರ್ಧ ಕಾಯಿಲೆಗೆ ಕಾರಣ. ಬಾಣಂತಿಗೆ ಹೊಟ್ಟೆ ಕಟ್ಟುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಅಜ್ಜಿಯ ಮನಸ್ಸು ನೋಯಿಸದೆ ಕೆಲವು ದಿನ ಅದನ್ನು ಸಡಿಲ ಮಾಡಿಸಿ, ಸೀರೆಯ ಲಾಡಿಯನ್ನೂ ಗುಳ್ಳೆಯಿಂದ ಮೇಲಕ್ಕೆ ಕಟ್ಟಿಸಿ. ಎಣ್ಣೆ-ನೀರಿನ ದಿನ ಗೆರೆಗೆ ಎಣ್ಣೆ ತಾಗದಿರಲಿ.

ದಿನಕ್ಕೊಮ್ಮೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ, ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ. ಕೆಂಪು ಎಲ್ಲಿಯವರೆಗಿದೆಯೋ ಅಲ್ಲಿ ಬಾಲ್‌ಪೆನ್ನಿನಿಂದ ಸುತ್ತ ಗೆರೆ ಎಳೆಯಿರಿ. ನಾಳೆ ಕೆಂಪು ಗೆರೆ ದಾಟಿದ್ದರೆ ಚರ್ಚೆ ಮುಗಿಯಿತು, ಆಸ್ಪತ್ರೆಗೆ ಹೊರಡಿ. ಡಾಕ್ಟರ ಮುಂದೆ “ಸ್ವಲ್ಪ ಜಾಸ್ತಿ ಆಗಿದೆ” ಎನ್ನುವುದಕ್ಕಿಂತ ಈ ಗೆರೆ ನೂರು ಪಾಲು ಉಪಯೋಗ.

ಇನ್ನು ಮಾಡಬಾರದ್ದು. ದಾರದ ತುದಿ ಕಂಡ ಕೂಡಲೇ ಉಗುರಿನಲ್ಲಿ ಹಿಡಿದು ಎಳೆಯಬೇಕೆನಿಸುತ್ತದೆ, ಹೇಳಿದರೂ ಕೈ ಸುಮ್ಮನಿರುವುದಿಲ್ಲ. ಎಳೆದರೆ ಮೇಲಿನ ತುಂಡು ಕಿತ್ತು ಬರುತ್ತದೆ, ಗಂಟು ಒಳಗೇ ಸರಿದು ಚರ್ಮ ಮುಚ್ಚಿಕೊಳ್ಳುತ್ತದೆ, ಮತ್ತೆ ಕೀವು. ಉದ್ದಕ್ಕೆ ಓಡಿಸಿದ ಹೊಲಿಗೆಯಾದರೆ ಎಳೆತ ಇನ್ನೂ ಆಳಕ್ಕೆ ಹೋಗುತ್ತದೆ. ಕಾಯಿಸಿದ ಸೂಜಿಯಿಂದ ಕೆದಕುವುದು, ಎರಡು ಹೆಬ್ಬೆರಳಿನಿಂದ ಹಿಂಡುವುದು ಇದಕ್ಕಿಂತ ಕೆಟ್ಟದ್ದು. ತುದಿ ಬಟ್ಟೆಗೆ ಸಿಕ್ಕಿ ಚುಚ್ಚುತ್ತಿದ್ದರೆ ಮೇಲೆ ಚೂರು ವ್ಯಾಸಲೀನ್, ಮೇಲೊಂದು ಗಾಜ್, ಡಾಕ್ಟರನ್ನು ಕಾಣುವವರೆಗೆ ಅಷ್ಟೇ.

ಅರಿಶಿನ, ಕಾಫಿಪುಡಿ, ವಿಭೂತಿ, ಸುಣ್ಣ ಇವನ್ನೆಲ್ಲ ಗಾಯದೊಳಗಿಂದ ತೊಳೆದು ತೆಗೆಯುವುದೇ ನನ್ನ ಬೆಳಗಿನ ಕೆಲಸವಾಗಿದ್ದ ದಿನಗಳಿದ್ದವು. ಸಾರಿನಲ್ಲಿ ಅರಿಶಿನ ಚೆನ್ನ, ಕೀವಿನ ತೂತಿನಲ್ಲಿ ಅದು ಇನ್ನೊಂದು ಹೊರವಸ್ತು. ನೀರು ಬೆರೆಸದ ಡೆಟಾಲ್, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಎರಡೂ ಹೊಸ ಚರ್ಮವನ್ನೂ ಸುಡುತ್ತವೆ. ಅಂಗಡಿಯಲ್ಲಿ ಕೊಡುವ ಆಂಟಿಬಯೋಟಿಕ್ ಪುಡಿ ಕೀವಿನೊಡನೆ ಸೇರಿ ಗಟ್ಟಿ ಹೆಕ್ಕಳವಾಗಿ ತೂತಿನ ಬಾಯನ್ನೇ ಮುಚ್ಚುತ್ತದೆ. ನವೆಗೆಂದು ಹಚ್ಚುವ ಸ್ಟೀರಾಯ್ಡ್ ಮಿಶ್ರಣದ ಟ್ಯೂಬುಗಳಂತೂ ಮಾಗುವುದನ್ನೇ ತಡೆಯುತ್ತವೆ.

ಮೆಡಿಕಲ್ ಶಾಪಿನಲ್ಲಿ ಹೇಳಿ ತಂದ ಐದು ದಿನದ ಗುಳಿಗೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ. ದಾರದ ಸುತ್ತಲಿನ ಕೀವಿನಲ್ಲಿ ಎಷ್ಟೋ ಸಲ ಬ್ಯಾಕ್ಟೀರಿಯಾವೇ ಇರುವುದಿಲ್ಲ, ಅದು ಬರೀ ಸತ್ತ ಬಿಳಿ ರಕ್ತಕಣಗಳ ಕೀವು. ಅಲ್ಲಿ ಗುಳಿಗೆಗೆ ಕೆಲಸವಿಲ್ಲ. ನಿಜವಾಗಿ ಸೋಂಕಿದ್ದರೆ, ಮೊದಲೇ ನುಂಗಿದ ಆ ಗುಳಿಗೆಯಿಂದಾಗಿ, ಕೀವಿನಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಅದು ಸಿಗದೇ ಹೋಗಬಹುದು. ದಾರ ಒಳಗಿರುವವರೆಗೆ ಗುಳಿಗೆ ನಿಲ್ಲಿಸಿದ ವಾರಕ್ಕೆ ಮತ್ತೆ ಗುಳ್ಳೆ ಏಳುವುದೂ ಇದೆ.

ನಂಜಿನ ಮಾತು

ಗುಳ್ಳೆ ಎದ್ದ ಮನೆಯಲ್ಲಿ ಮೊದಲು ತನಿಖೆಯಾಗುವುದು ಅಡುಗೆ. ಬದನೆಕಾಯಿ ತಿಂದೆಯಾ, ಕುಂಬಳಕಾಯಿ ಯಾರು ಕೊಟ್ಟರು, ಮೊಟ್ಟೆ ಯಾಕೆ ಮುಟ್ಟಿದೆ, ನಂಜಾಗದೆ ಇನ್ನೇನಾಗುತ್ತೆ! ಗಂಟನ್ನು ಮೇಲೆ ತಂದದ್ದು ಬದನೆಕಾಯಿ ಅಲ್ಲ. ಆದರೆ ಬೇಳೆ, ಮೊಟ್ಟೆ, ಹಾಲು, ಮೀನು ಎಲ್ಲ ಬಿಡಿಸಿ ಅನ್ನ-ಮೆಣಸಿನ ಸಾರಿನಲ್ಲಿ ತಿಂಗಳು ಕಳೆಸಿದರೆ ಗಾಯ ಮಾಗುವುದು ಖಂಡಿತ ತಡವಾಗುತ್ತದೆ, ಚರ್ಮ ಕಟ್ಟಲು ಪ್ರೋಟೀನ್ ಬೇಕು. ಗಾಯಕ್ಕೆ ನಿಜವಾದ ನಂಜು ಏರಿದ ಸಕ್ಕರೆ ಮತ್ತು ತಂಬಾಕು. ಬೀಡಿ, ಗುಟ್ಕಾ ಎರಡರ ನಿಕೋಟಿನ್ನೂ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಗಾಯದ ಅಂಚಿಗೆ ರಕ್ತ ಮುಟ್ಟುವುದಿಲ್ಲ. ಗುಳ್ಳೆ ಪದೇ ಪದೇ ಏಳುತ್ತಿದ್ದರೆ ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ. ಕಾಯಿಲೆ ಇರುವುದೇ ಗೊತ್ತಿಲ್ಲದವರಿಗೆ ಹೀಗೆ ಗೊತ್ತಾಗುವುದುಂಟು.

ಡಾಕ್ಟರ ಹತ್ತಿರ ಏನು ನಡೆಯುತ್ತದೆ

ದಾರದ ತುದಿ ಸ್ಪಷ್ಟವಾಗಿ ಕಂಡರೆ, ಅಥವಾ ವಾರ ಹತ್ತು ದಿನದ ಶಾಖಕ್ಕೂ ಗುಳ್ಳೆ ಇಳಿಯದಿದ್ದರೆ ತೋರಿಸಿ. ಕೆಲಸ ಸಣ್ಣದು. ಜಾಗ ಶುದ್ಧ ಮಾಡಿ, ಸಣ್ಣ ಚಿಮಟದಲ್ಲಿ ತುದಿ ಹಿಡಿದು ಮೆಲ್ಲಗೆ ಎತ್ತುತ್ತಾರೆ. ಗಂಟು ಸಡಿಲವಿದ್ದರೆ ಪೂರ್ತಿ ಬರುತ್ತದೆ. ಬಿಗಿಯಾಗಿದ್ದರೆ ಚರ್ಮದ ಮಟ್ಟಕ್ಕೆ ಕತ್ತರಿಸುತ್ತಾರೆ, ಉಳಿದದ್ದು ಒಳಸರಿದು ಕರಗಬಹುದು. ಆಳದಲ್ಲಿದ್ದರೆ ಮಾತ್ರ ಮರಗಟ್ಟಿಸುವ ಚುಚ್ಚುಮದ್ದು. ದಾರ ಬಂದ ಮೇಲೆ ತೂತು ಕೆಲವು ದಿನಗಳಲ್ಲಿ ತಾನೇ ಮುಚ್ಚುತ್ತದೆ, ಅದಕ್ಕೆ ಮತ್ತೆ ಹೊಲಿಗೆ ಹಾಕುವುದಿಲ್ಲ. ಹಾಕಿದರೆ ಮತ್ತೊಂದು ದಾರ ಒಳಗೆ ಹೋದಂತೆಯೇ ಅಲ್ಲವೆ? ತೂತಿನ ಬಾಯಲ್ಲಿ ಮುಟ್ಟಿದರೆ ರಕ್ತ ಬರುವ ಕೆಂಪು ಹಸಿಮಾಂಸ ಉಬ್ಬಿದ್ದರೆ ಸಿಲ್ವರ್ ನೈಟ್ರೇಟ್ ಕಡ್ಡಿ ಮುಟ್ಟಿಸುತ್ತಾರೆ. ಬೂದು ಬಣ್ಣಕ್ಕೆ ತಿರುಗಿ ಒಣಗುತ್ತದೆ, ಹೆದರಬೇಡಿ.

ಕಾಯದೆ ಹೊರಡಬೇಕಾದ ಸಂದರ್ಭಗಳು: ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದೆ, ಕೆಂಪು ಹಬ್ಬುತ್ತಿದೆ, ಕೀವು ಗಬ್ಬು ನಾರುತ್ತಿದೆ, ಗೆರೆ ಬಾಯಿ ಬಿಟ್ಟಿದೆ, ಮಲ ಅಥವಾ ಪಿತ್ತದ ಬಣ್ಣದ ದ್ರವ ಬರುತ್ತಿದೆ, ಕೆಮ್ಮಿದಾಗ ಗೆರೆಯ ಕೆಳಗೆ ಉಬ್ಬು ಏಳುತ್ತಿದೆ. ಸಕ್ಕರೆ ಕಾಯಿಲೆಯವರು, ಸ್ಟೀರಾಯ್ಡ್ ಗುಳಿಗೆ ಅಥವಾ ಕೀಮೋ ತೆಗೆದುಕೊಳ್ಳುವವರು ಗುಳ್ಳೆ ಸಣ್ಣದಿದ್ದರೂ ತೋರಿಸಲೇಬೇಕು.

ದಾರದ ವೇಷದಲ್ಲಿ ಬರುವ ಬೇರೆ ಕಾಯಿಲೆ

ನಾನು ಇದನ್ನೆಲ್ಲ ಬರೆಯಲು ಕೂತದ್ದೇ ಈ ಭಾಗಕ್ಕಾಗಿ. “ಏನಿಲ್ಲ, ದಾರ ಬರ್ತಿದೆ ಬಿಡಿ” ಎಂಬ ಸಮಾಧಾನದ ಮಾತು ಎರಡು ಕಡೆ ಜನರಿಗೆ ತಿಂಗಳುಗಟ್ಟಲೆ ನಷ್ಟ ಮಾಡುತ್ತದೆ.

ಒಂದು, ಲ್ಯಾಪರೋಸ್ಕೋಪಿ ಆದವರಲ್ಲಿ. ಪಿತ್ತಕೋಶವನ್ನೋ ಗರ್ಭಕೋಶವನ್ನೋ ತೂತು ಹಾಕಿ ಆಪರೇಷನ್ ಮಾಡಿರುತ್ತಾರೆ, ತೂತುಗಳು ಚೆನ್ನಾಗಿ ಮಾಗಿರುತ್ತವೆ. ಸುಮಾರು ಒಂದು ತಿಂಗಳಾದ ಮೇಲೆ, ಹೆಚ್ಚಾಗಿ ಹೊಕ್ಕುಳ ಹತ್ತಿರದ ತೂತಿನಲ್ಲಿ ಗಟ್ಟಿ ಗಂಟು ಏಳುತ್ತದೆ, ಮೆಲ್ಲಗೆ ಒಡೆದು ತೆಳು ನೀರಿನಂಥ ಕೀವು ಸೋರುತ್ತದೆ, ಸುತ್ತ ಚರ್ಮ ಕಪ್ಪಾಗುತ್ತದೆ. ಜ್ವರವಿಲ್ಲ. ಮಾಮೂಲಿ ಆಂಟಿಬಯೋಟಿಕ್ಕಿಗೆ ಬಗ್ಗುವುದಿಲ್ಲ. ಇದು ಕ್ಷಯದ ರೋಗಾಣುವಿನ ಸೋದರ ಸಂಬಂಧಿಗಳಾದ, ನೀರಿನಲ್ಲಿ ಬದುಕುವ ಮೈಕೋಬ್ಯಾಕ್ಟೀರಿಯಾಗಳ ಸೋಂಕು ಇರಬಹುದು. ಉಪಕರಣಗಳನ್ನು ಸರಿಯಾಗಿ ಶುದ್ಧ ಮಾಡದಿದ್ದಾಗ, ಕಡೆಗೆ ತೊಳೆಯುವ ನೀರು ಸರಿಯಿಲ್ಲದಾಗ ಬರುತ್ತದೆ. ನಮ್ಮ ದೇಶದಲ್ಲಿ ಇದು ಸಾಕಷ್ಟು ವರದಿಯಾಗಿದೆ. ಕೀವನ್ನೂ ಗಂಟಿನ ಚೂರನ್ನೂ ಎಎಫ್‌ಬಿ ಪರೀಕ್ಷೆಗೆ (ಈ ಜಾತಿಯ ರೋಗಾಣುವನ್ನು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಹುಡುಕುವ ಪರೀಕ್ಷೆ), ಮೈಕೋಬ್ಯಾಕ್ಟೀರಿಯಾ ಕಲ್ಚರ್‌ಗೆ ಕಳಿಸಬೇಕು, ಚಿಕಿತ್ಸೆ ತಿಂಗಳುಗಳದ್ದು. ಒಂದು ಕೋರ್ಸ್ ಗುಳಿಗೆ ಮುಗಿದರೂ ತೂತು ಸೋರುತ್ತಲೇ ಇದ್ದರೆ “ಸರ್, ಎಎಫ್‌ಬಿ ಕಲ್ಚರ್ ಮಾಡಿಸೋಣವಾ?” ಎಂದು ಬಾಯಿಬಿಟ್ಟು ಕೇಳಿ. ಯಾವ ಒಳ್ಳೆಯ ಡಾಕ್ಟರೂ ಇದಕ್ಕೆ ಸಿಟ್ಟಾಗುವುದಿಲ್ಲ.

ಇನ್ನೊಂದು, ಸಿಸೇರಿಯನ್ ಆದವರಲ್ಲಿ. ಗೆರೆಯ ಅಂಚಿನಲ್ಲಿ ಒಂದು ಗಂಟು, ಕೀವಿಲ್ಲ, ದಾರವಿಲ್ಲ, ಮುಟ್ಟಿನ ದಿನಗಳು ಬಂದಾಗ ಊದಿ ನೋಯುತ್ತದೆ, ಆಮೇಲೆ ಇಳಿಯುತ್ತದೆ. ಗರ್ಭಕೋಶದ ಒಳಪದರದ ಕಣಗಳು ಆಪರೇಷನ್ ಸಮಯದಲ್ಲಿ ಗೆರೆಯಲ್ಲಿ ನೆಲೆಸಿ ಬೆಳೆದರೆ ಹೀಗಾಗುತ್ತದೆ. ತಿಂಗಳಿಗೊಮ್ಮೆ ಬರುವ ನೋವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡು ಹೋದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ಸ್ಕ್ಯಾನ್ ಮಾಡಿ, ಸಾಮಾನ್ಯವಾಗಿ ಗಂಟನ್ನು ಕತ್ತರಿಸಿ ತೆಗೆಯುತ್ತಾರೆ. ಇದನ್ನು ವರ್ಷಗಟ್ಟಲೆ “ಹೊಲಿಗೆ ನೋವು” ಎಂದೇ ಸಹಿಸಿಕೊಂಡ ಹೆಂಗಸರಿದ್ದಾರೆ. ಮುಟ್ಟಿನ ವಿಷಯವನ್ನು ಗಂಡಸು ಡಾಕ್ಟರ ಮುಂದೆ ಹೇಳಲು ನಾಚಿಕೆ, ಅವರು ಕೇಳಲು ಮರೆಯುತ್ತಾರೆ.

ಮುಂದಿನ ಆಪರೇಷನ್‌ಗೆ

ಒಮ್ಮೆ ದಾರ ಉಗುಳಿದ ಮೈ ಇನ್ನೊಮ್ಮೆಯೂ ಉಗುಳಲೇಬೇಕೆಂದಿಲ್ಲ. ಆದರೂ ಹೇಳುವುದು ಒಳ್ಳೆಯದು, ಮತ್ತು ಹೇಳುವ ರೀತಿ ಮುಖ್ಯ. “ನನಗೆ ದಾರ ಅಲರ್ಜಿ” ಎಂದರೆ ಕೇಸ್‌ಶೀಟಿನ ಮೇಲೆ ಕೆಂಪಕ್ಷರದಲ್ಲಿ ಅಲರ್ಜಿ ಎಂದು ಬರೆದು, ಇಲ್ಲದ ಗೊಂದಲ ಹುಟ್ಟುತ್ತದೆ. ಬದಲಿಗೆ ಹೀಗೆ ಹೇಳಿ: “ಹಿಂದಿನ ಆಪರೇಷನ್ ಆದ ಇಷ್ಟು ವಾರಕ್ಕೆ ಈ ಜಾಗದಲ್ಲಿ ಗಂಟು ಹೊರಗೆ ಬಂದಿತ್ತು, ಬಳಸಿದ್ದ ದಾರ ಇದು, ಕಲ್ಚರ್‌ನಲ್ಲಿ ಏನೂ ಬೆಳೆದಿರಲಿಲ್ಲ.” ತೆಗೆದ ದಿನದ ಫೋಟೊ, ಓಟಿ ನೋಟ್ಸ್ ಪ್ರತಿ ಜೊತೆಗಿರಲಿ. ಅಷ್ಟು ಗೊತ್ತಾದರೆ ಸರ್ಜನ್ ಚರ್ಮದ ಕೆಳಗೆ ಹೆಣೆದ ದಾರದ ಬದಲು ಒಂಟಿ ಎಳೆಯದನ್ನು, ದಪ್ಪದ ಬದಲು ತೆಳುವಾದದ್ದನ್ನು ಆರಿಸಬಹುದು. ಗಂಟುಗಳನ್ನು ಕಡಿಮೆ ಮಾಡಿ ಇನ್ನಷ್ಟು ಆಳಕ್ಕೆ ಹೂಳಬಹುದು, ಮೇಲಿನ ಚರ್ಮಕ್ಕೆ ಬಿಚ್ಚಿ ತೆಗೆಯುವ ಹೊಲಿಗೆಯನ್ನೇ ಹಾಕಬಹುದು. ಆರಿಸುವುದು ಅವರಿಗೇ ಬಿಟ್ಟ ಮಾತು. ಹೊಟ್ಟೆಯ ಗಟ್ಟಿ ಪದರಕ್ಕೆ ಕರಗದ ದಾರವೇ ಬೇಕೆಂದು ಅವರು ಹೇಳಿದರೆ ಅದಕ್ಕೆ ಕಾರಣವಿರುತ್ತದೆ, ಅಲ್ಲಿ ಹಠ ಮಾಡಬೇಡಿ.

ಭಾರ ಎತ್ತುವ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೂರು ವಾರಕ್ಕೆ ಗಾಯದ ಗೆರೆಗೆ ಬಂದಿರುವುದು ಮೊದಲಿನ ಚರ್ಮದ ಸುಮಾರು ಐದನೇ ಒಂದು ಪಾಲು ಬಲ. ತಿಂಗಳುಗಳು ಕಳೆದರೂ ಅದು ನೂರಕ್ಕೆ 80 ದಾಟುವುದಿಲ್ಲ. ಆದ್ದರಿಂದ ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ ಇವಕ್ಕೆಲ್ಲ ನಿಮ್ಮ ಸರ್ಜನ್ ಹೇಳಿದ ಅವಧಿಯೇ ಲೆಕ್ಕ. ಎರಡು ತಿಂಗಳ ಮೇಲೆ ಒಂದು ಗಂಟು ಹೊರಬಂದಿತೆಂದು ಆ ಅವಧಿಯನ್ನು ಮತ್ತೆ ಒಂದರಿಂದ ಎಣಿಸಬೇಕಿಲ್ಲ. ತೂತು ಮುಚ್ಚುವವರೆಗೆ ಕೆರೆ, ಈಜುಕೊಳದ ಸ್ನಾನ ಬೇಡ. ಮಗ್ಗಿನ ಸ್ನಾನ, ಮಗುವನ್ನು ಎತ್ತಿಕೊಳ್ಳುವುದು, ಬಸ್ಸಿನ ಪ್ರಯಾಣ ಯಾವುದನ್ನೂ ನಿಲ್ಲಿಸಬೇಡಿ.